ಮೂರು ಸಲ ಹೊದಿಸಿದ ಅಮೃತಶಿಲೆ: ಹೆಲ್ಸಿಂಕಿಯ ಫಿನ್‌ಲಾಂಡಿಯಾ ಸಭಾಭವನದ ಒಂದು ಪ್ರಕರಣ ಅಧ್ಯಯನ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿರುವ ಫಿನ್‌ಲಾಂಡಿಯಾ ಸಭಾಭವನದ ಹೊರಗೋಡೆಗೆ ಐದು ದಶಕಗಳಲ್ಲಿ ಮೂರು ಸಲ ಅಮೃತಶಿಲೆ ಹೊದಿಸಲಾಗಿದೆ. 1971ರಲ್ಲಿ ಕಟ್ಟಡ ಮುಗಿದಾಗ ಇಟಲಿಯ ಕರ್ರಾರಾದಿಂದ ತರಿಸಿದ ಬಿಳಿಗಲ್ಲನ್ನು ಕೂರಿಸಿದ್ದರು. ಆ ಫಲಕಗಳು ಸೊಟ್ಟಗಾದುದರಿಂದ 1998-99ರಲ್ಲಿ ಅವನ್ನು ಕಳಚಿ, ಮತ್ತೆ ಕರ್ರಾರಾದ ಕಲ್ಲನ್ನೇ ತರಿಸಿ ಹಾಕಿದರು. ಅದೂ ಕೆಲವೇ ವರ್ಷಗಳಲ್ಲಿ ಸೊಟ್ಟಗಾಗತೊಡಗಿತು. 2022ರಲ್ಲಿ ಶುರುವಾದ ದೊಡ್ಡ ನವೀಕರಣದಲ್ಲಿ ಮೂರನೆಯ ಹೊದಿಕೆ ಬಂತು. ಈ ಸಲದ ಕಲ್ಲೂ ಇಟಲಿಯದೇ, ಆದರೆ ಕರ್ರಾರಾದ್ದಲ್ಲ. ದೇಶದ ಉತ್ತರ ತುದಿಯಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ ಇರುವ ಲಾಸಾ ಎಂಬಲ್ಲಿಯದು. 2025ರ ಜನವರಿಯಲ್ಲಿ ಭವನ ಮತ್ತೆ ಬಾಗಿಲು ತೆರೆದಿದೆ.

ಒಮ್ಮೆ ಕೈಕೊಟ್ಟ ಕಲ್ಲನ್ನು, ಅದು ಕೈಕೊಟ್ಟದ್ದು ಕಣ್ಣಿಗೆ ಕಾಣುತ್ತಿರುವಾಗಲೇ, ವಿದ್ಯಾವಂತರೂ ಅನುಭವಿಗಳೂ ಆದ ಜನ ಎರಡನೆಯ ಸಲವೂ ಏಕೆ ಆರಿಸಿದರು ಎಂಬುದು ಈ ಅಧ್ಯಯನದ ಮುಖ್ಯ ಪ್ರಶ್ನೆ. ಅವರಿಗೆ ಅಷ್ಟೂ ತಿಳಿದಿರಲಿಲ್ಲ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ನಿಜವಲ್ಲ.

ಕಟ್ಟಡ ಮತ್ತು ಅದರ ನೆರೆಹೊರೆ

ಹೆಲ್ಸಿಂಕಿಯ ಮಾನರ್‌ಹೈಮ್ ಹೆದ್ದಾರಿ ನಗರದ ನಡುವಿನಿಂದ ಉತ್ತರಕ್ಕೆ ಹೋಗುತ್ತದೆ. ಅದರ ಒಂದು ಬದಿಯಲ್ಲಿ 1931ರಲ್ಲಿ ಪೂರ್ಣಗೊಂಡ ಸಂಸತ್ ಭವನವೂ, 20ನೆಯ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಇವೆ. ಎರಡಕ್ಕೂ ಗ್ರಾನೈಟ್ ಮೈ. ಫಿನ್ಲೆಂಡಿನ ನೆಲದಡಿಯ ಕಲ್ಲೇ ಅದು. ಸ್ವಾತಂತ್ರ್ಯಕ್ಕೆ ಮುಂಚಿನ ದಶಕಗಳಿಂದ ಆ ದೇಶದವರು ತಮ್ಮ ಗುರುತನ್ನು ಆ ಒರಟು, ಭಾರದ ಕಲ್ಲಿನಲ್ಲಿ ಕಂಡುಕೊಂಡಿದ್ದರು. ಹೆದ್ದಾರಿಯ ಇನ್ನೊಂದು ಬದಿಯಲ್ಲಿ, ಟೋಲೋ ಕೊಲ್ಲಿಯ ದಡದ ಉದ್ಯಾನದಲ್ಲಿ, ಉದ್ದಕ್ಕೆ ಚಾಚಿಕೊಂಡ ಬಿಳಿ ಕಟ್ಟಡವೇ ಫಿನ್‌ಲಾಂಡಿಯಾ. ಅಡಿಭಾಗದಲ್ಲಿ ಅಲ್ಲಲ್ಲಿ ಕಪ್ಪು ಗ್ರಾನೈಟ್ ಬಳಸಿದ್ದರೂ ದೂರದಿಂದ ನೋಡುವವರ ಕಣ್ಣಿಗೆ ಬೀಳುವುದು ಬಿಳುಪು ಮಾತ್ರ. ಎದುರಿನ ಕಟ್ಟಡಗಳ ಜೊತೆಗೆ ಈ ಬಿಳುಪಿಗೆ ಇರುವ ವಿರೋಧ ಆಕಸ್ಮಿಕವಾದುದಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಜಗಳ ಅರ್ಥವಾಗುತ್ತದೆ.

ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ (1898-1976) ಈ ಕೊಲ್ಲಿಯ ಸುತ್ತ ಹೆಲ್ಸಿಂಕಿಗೆ ಹೊಸದೊಂದು ನಗರಕೇಂದ್ರವನ್ನೇ ಯೋಚಿಸಿದ್ದರು. ನೀರಿನ ಅಂಚಿನಲ್ಲಿ ಸಾಲಾಗಿ ಸಾರ್ವಜನಿಕ ಕಟ್ಟಡಗಳು, ದಕ್ಷಿಣದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ದೊಡ್ಡ ಚೌಕ ಆ ಯೋಜನೆಯಲ್ಲಿದ್ದವು. ಅದರಲ್ಲಿ ಕಟ್ಟಿದ್ದು ಈ ಒಂದೇ ಭವನ. ನಕ್ಷೆಯ ಕೆಲಸ 1962ರಲ್ಲಿ ಶುರುವಾಗಿ, ನಿರ್ಮಾಣ 1967ರಿಂದ 1971ರವರೆಗೆ ನಡೆಯಿತು. ಸಮ್ಮೇಳನಗಳಿಗೆಂದು ಕಟ್ಟಿದ ದಕ್ಷಿಣದ ರೆಕ್ಕೆ 1975ರಲ್ಲಿ ಮುಗಿಯಿತು. ಅಲ್ಲಿದ್ದ ಮರಗಳನ್ನು ಉಳಿಸಲೆಂದು ಆ ರೆಕ್ಕೆಯ ಪಶ್ಚಿಮ ಗೋಡೆಯನ್ನು ಒಳಕ್ಕೆ ತಗ್ಗಿಸಿ ಬಳುಕಿಸಿದ್ದಾರೆ. ಅದೇ ವರ್ಷದ ಆಗಸ್ಟ್ 1ರಂದು 35 ದೇಶಗಳ ನಾಯಕರು ಇಲ್ಲಿ ಕೂತು ಯುರೋಪಿನ ಭದ್ರತೆ ಮತ್ತು ಸಹಕಾರದ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿದರು. ಅಂದಿನಿಂದ ಫಿನ್ಲೆಂಡಿನವರಿಗೆ ಇದು ಸಂಗೀತಸಭೆಯ ಜಾಗಕ್ಕಿಂತ ಹೆಚ್ಚಿನದಾಯಿತು.

ಸಂಗೀತಸಭೆಯ ಜಾಗವಾಗಿ ಅದು ಅಷ್ಟೇನೂ ಗೆಲ್ಲಲಿಲ್ಲವೆಂಬುದು ಬೇರೆ ಮಾತು. ಸುಮಾರು 1,700 ಆಸನಗಳ ದೊಡ್ಡ ಸಭಾಂಗಣದ ಮೇಲೆ ಓರೆ ಛಾವಣಿಯ ಗೋಪುರವೊಂದನ್ನು ಎತ್ತಿ, ಅದರೊಳಗಿನ ಖಾಲಿ ಜಾಗದಿಂದ ಧ್ವನಿಗೆ ಅನುರಣನ ಸಿಗುತ್ತದೆಂದು ಆಲ್ಟೊ ನಂಬಿದ್ದರು, ಸಿಗಲಿಲ್ಲ. ಹತ್ತಿರದಲ್ಲೇ 2011ರಲ್ಲಿ ಸಂಗೀತ ಕೇಂದ್ರ ತೆರೆದ ಮೇಲೆ ವಾದ್ಯವೃಂದಗಳು ಅಲ್ಲಿಗೆ ಹೋದವು.

ಕೈಗೆ ಬಂದ ವಸ್ತು, ಕೈ ಕಲಿತ ವಸ್ತು

20ನೆಯ ಶತಮಾನದ ನಡುವಿನ ಫಿನ್ನಿಷ್ ವಿನ್ಯಾಸವನ್ನು ಜಗತ್ತು ಗುರುತಿಸುವುದು ವಸ್ತುಗಳ ಜೊತೆ ಅದಕ್ಕಿದ್ದ ಸಲುಗೆಯಿಂದ. ಆಲ್ಟೊ ಬರ್ಚ್ ಮರವನ್ನು ಬಾಗಿಸಿದ್ದನ್ನೇ ನೋಡಬಹುದು. ತುರ್ಕು ಪಟ್ಟಣದ ಮರಗೆಲಸದ ಕಾರ್ಖಾನೆಯೊಂದರಲ್ಲಿ ಒಟ್ಟೊ ಕೊರ್ಹೊನೆನ್ ಎಂಬ ಪರಿಣತರ ಜೊತೆ ಅವರು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಗಟ್ಟಿ ಮರದ ತುಂಡಿನ ತುದಿಗೆ ಎಳೆಎಳೆಯಾಗಿ ಗರಗಸದ ಸೀಳು ಕೊಟ್ಟು, ಆ ಸೀಳುಗಳಲ್ಲಿ ತೆಳುವಾದ ಮರದ ಹಾಳೆಗಳನ್ನು ಅಂಟಿನೊಂದಿಗೆ ಸೇರಿಸಿ, ಮೂಲೆಗೆ ಬಗ್ಗಿಸಿ ಒಣಗಿಸಿದರೆ ಅದು ಮತ್ತೆ ನೆಟ್ಟಗಾಗುವುದಿಲ್ಲ; 1933ರ ಮೂರು ಕಾಲಿನ ಸ್ಟೂಲಿನ ಕಾಲು ಹಾಗೆ ಹುಟ್ಟಿದ್ದು. 1935ರಲ್ಲಿ ಪತ್ನಿ ಐನೊ ಆಲ್ಟೊ ಮತ್ತು ಇನ್ನಿಬ್ಬರ ಜೊತೆಗೂಡಿ ಸ್ಥಾಪಿಸಿದ ಆರ್ಟೆಕ್ ಸಂಸ್ಥೆ ಇವತ್ತಿಗೂ ಆ ಸ್ಟೂಲನ್ನು ಮಾರುತ್ತದೆ.

ಇಟ್ಟಿಗೆಯ ವಿಷಯದಲ್ಲೂ ಹಾಗೆಯೇ. ಮೂರಾತ್‌ಸಾಲೊ ದ್ವೀಪದಲ್ಲಿ 1950ರ ದಶಕದ ಆರಂಭದಲ್ಲಿ ತಮಗಾಗಿ ಕಟ್ಟಿಕೊಂಡ ಬೇಸಿಗೆ ಮನೆಯ ಅಂಗಳದ ಗೋಡೆಗಳನ್ನು ಸುಮಾರು 50 ತುಣುಕುಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಬೇರೆ ಬೇರೆ ಇಟ್ಟಿಗೆ, ಬೇರೆ ಬೇರೆ ಹೆಂಚು, ಬೇರೆ ಬೇರೆ ಜೋಡಣೆ ಮಾಡಿ, ಗಾಳಿ, ಹಿಮ, ಪಾಚಿಗೆ ಯಾವುದು ಹೇಗೆ ನಡೆದುಕೊಳ್ಳುತ್ತದೆಂದು ನೋಡಲು ಬಿಟ್ಟರು. ಹೆಲ್ಸಿಂಕಿಯ ಸಂಸ್ಕೃತಿ ಭವನದ (1958) ಬಳುಕಿದ ಗೋಡೆಗೆ ಬೇಕಾದ ಬೆಣೆಯಾಕಾರದ ಇಟ್ಟಿಗೆಯನ್ನು ಪ್ರತ್ಯೇಕವಾಗಿ ಮಾಡಿಸಿದರು. ಈ ಎಲ್ಲದರಲ್ಲೂ ನಕ್ಷೆ ಬರೆಯುವವನಿಗೂ ವಸ್ತು ತಯಾರಿಸುವವನಿಗೂ ನಡುವೆ ಒಂದು ಕಾರ್ಯಾಗಾರವಿತ್ತು, ಕಾಯುವ ತಾಳ್ಮೆಯಿತ್ತು.

ಕರ್ರಾರಾದ ಅಮೃತಶಿಲೆ ಬಂದದ್ದು ಬೇರೆ ದಾರಿಯಲ್ಲಿ. ಆಲ್ಟೊ 1924ರಲ್ಲಿ ಐನೊ ಜೊತೆ ಮದುವೆಯ ಪ್ರವಾಸಕ್ಕೆ ಇಟಲಿಗೆ ಹೋದಂದಿನಿಂದ ಆ ದೇಶದ ಪಟ್ಟಣಗಳ ಮೇಲೆ ಅವರಿಗಿದ್ದ ಪ್ರೀತಿ ಕೊನೆಯವರೆಗೂ ತಗ್ಗಲಿಲ್ಲ. ಮೆಡಿಟರೇನಿಯನ್ ಸಂಸ್ಕೃತಿಯ ಒಂದು ತುಣುಕನ್ನು ಉತ್ತರದ ಈ ನಗರಕ್ಕೆ ತರುವುದು ಅವರ ಆಸೆ. ಹೆಲ್ಸಿಂಕಿಯ ಬಂದರಿನ ಬದಿಯ ಎನ್ಸೊ-ಗುಟ್‌ಜೈಟ್ ಕಚೇರಿಗೆ (1962) ಅವರು ಆಗಲೇ ಅದೇ ಕಲ್ಲನ್ನು ಹೊದಿಸಿದ್ದರು. ಆದರೆ ಇಟಲಿಯ ಹಳೆಯ ಚರ್ಚುಗಳ ಕಲ್ಲಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿತ್ತು. ಹಿಂದಿನ ಕಾಲದಲ್ಲಿ ಅಮೃತಶಿಲೆಯನ್ನು ದಪ್ಪ ದಪ್ಪ ಗಟ್ಟಿಗಳಾಗಿ ಗೋಡೆಗೆ ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಕಲ್ಲು ಕೊಯ್ಯುವ ಯಂತ್ರಗಳು ಸುಧಾರಿಸಿ, ಅದೇ ಕಲ್ಲನ್ನು ಹಾಳೆಯಂತೆ ಕೊಯ್ದು ಕಾಂಕ್ರೀಟ್ ಗೋಡೆಯ ಮುಂದೆ ಲೋಹದ ಗೂಟಗಳಿಗೆ ಸಿಕ್ಕಿಸುವುದು ರೂಢಿಯಾಯಿತು. ಫಿನ್‌ಲಾಂಡಿಯಾದ ಫಲಕಗಳ ದಪ್ಪ ಸುಮಾರು 3 ಸೆಂಟಿಮೀಟರ್. ಒಟ್ಟು ಹರವು ಸುಮಾರು 7,000 ಚದರ ಮೀಟರ್. ಲೆಕ್ಕ ಹಾಕಿದರೆ 560 ಟನ್ನಿಗೂ ಹೆಚ್ಚು ಕಲ್ಲು. ಈ ತೆಳು ಫಲಕ ಮಾರುಕಟ್ಟೆ ಸಿದ್ಧಮಾಡಿ ಕೊಟ್ಟ ಸರಕು. ಮರದ ಜೊತೆ, ಇಟ್ಟಿಗೆಯ ಜೊತೆ ಆಲ್ಟೊ ಅವರಿಗಿದ್ದ ಕೈಪರಿಚಯ ಇದರ ಜೊತೆ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಲ್ಲು ಬಾಗುವುದು ಹೇಗೆ

ಅಮೃತಶಿಲೆಯೆಂದರೆ ಒತ್ತಿಕೊಂಡು ಕೂತ ಕ್ಯಾಲ್ಸೈಟ್ ಹರಳುಗಳ ರಾಶಿ. ಈ ಖನಿಜಕ್ಕೆ ಒಂದು ವಿಚಿತ್ರ ಗುಣವಿದೆ: ಬಿಸಿಯಾದಾಗ ಹರಳು ತನ್ನ ಒಂದು ಅಕ್ಷದ ಉದ್ದಕ್ಕೆ ಹಿಗ್ಗುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಕುಗ್ಗುತ್ತದೆ. ಚಳಿಗಾಲದ ಮೈನಸ್ 20 ಡಿಗ್ರಿಯಿಂದ ಬಿಸಿಲಿಗೆ ಕಾದ ಗೋಡೆಯ 40 ಡಿಗ್ರಿಯವರೆಗೆ, ಎಂದರೆ 60 ಡಿಗ್ರಿಯ ಅಂತರದಲ್ಲಿ, ಒಂದು ಮಿಲಿಮೀಟರ್ ಅಳತೆಯ ಹರಳು ಒಂದು ದಿಕ್ಕಿನಲ್ಲಿ ಸುಮಾರು ಒಂದೂವರೆ ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಬೆಳೆದು, ಇನ್ನೊಂದು ದಿಕ್ಕಿನಲ್ಲಿ ಮೈಕ್ರಾನಿನ ಮೂರನೇ ಒಂದು ಭಾಗದಷ್ಟು ಸಣ್ಣದಾಗುತ್ತದೆ. ಅಕ್ಕಪಕ್ಕದ ಹರಳುಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡಿರುವುದರಿಂದ ಒಂದು ಹಿಗ್ಗುವ ಕಡೆ ಇನ್ನೊಂದು ಕುಗ್ಗುತ್ತದೆ. ಎರಡರ ನಡುವಿನ ಗಡಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ತಣ್ಣಗಾದಾಗ ಹರಳುಗಳು ಮೊದಲಿನ ಜಾಗಕ್ಕೆ ಪೂರ್ತಿ ಮರಳುವುದಿಲ್ಲ. ಬಿಟ್ಟ ಸಂದಿಗೆ ನೀರಿನ ತೇವ ಸೇರಿಕೊಂಡರೆ ಮರಳುವುದು ಇನ್ನೂ ಕಷ್ಟ. ಹೀಗೆ ಪ್ರತಿಯೊಂದು ಬಿಸಿ-ತಂಪಿನ ಸುತ್ತಿನಲ್ಲೂ ಕಲ್ಲು ಕೂದಲೆಳೆಯಷ್ಟೂ ಇಲ್ಲದ ಅಳತೆಯಲ್ಲಿ ಶಾಶ್ವತವಾಗಿ ಬೆಳೆಯುತ್ತ ಹೋಗುತ್ತದೆ.

ಫಲಕದ ಎರಡೂ ಮುಖ ಸಮನಾಗಿ ಬೆಳೆದಿದ್ದರೆ ಸಂದುಗಳು ಬಿಗಿಯಾಗುತ್ತಿದ್ದವು, ಅಷ್ಟೆ. ಆದರೆ ಹೊರಮುಖ ಬಿಸಿಲು ಕಾಣುತ್ತದೆ, ಹಿಂಬದಿ ಕಾಣುವುದಿಲ್ಲ. ಒಣಗುವ ವೇಗವೂ ಎರಡು ಕಡೆ ಒಂದೇ ಅಲ್ಲ. ಒಂದು ಮುಖ ಹೆಚ್ಚು ಬೆಳೆದಾಗ ತೆಳು ಫಲಕ ಬಿಸಿಲಿಗಿಟ್ಟ ಹಪ್ಪಳದಂತೆ ಮುರುಟಿಕೊಳ್ಳದೆ ಬೇರೆ ದಾರಿಯಿಲ್ಲ. ದಪ್ಪ ಗಟ್ಟಿಯಾಗಿದ್ದರೆ ಒಳಗಿನ ರಾಶಿ ಅದನ್ನು ಹಿಡಿದಿಡುತ್ತಿತ್ತು. ಬಾಗುವುದರ ಜೊತೆಗೆ ಕಲ್ಲಿನ ಬಲವೂ ಕುಂದುತ್ತದೆ, ಗೂಟ ಸಿಕ್ಕಿಸಿದ ಅಂಚಿನ ರಂಧ್ರಗಳ ಸುತ್ತ ಬಿರುಕು ಬರುತ್ತದೆ. ಅಂದಗೆಡುವ ತೊಂದರೆ ಅಲ್ಲಿಗೆ ಕೆಳಗೆ ನಡೆದಾಡುವವರ ತಲೆಯ ತೊಂದರೆಯಾಗುತ್ತದೆ.

ಎಲ್ಲ ಅಮೃತಶಿಲೆಯೂ ಒಂದೇ ಪ್ರಮಾಣದಲ್ಲಿ ಬಾಗುವುದಿಲ್ಲ ಎಂಬುದು ಇಲ್ಲಿಯ ಅತಿ ಮುಖ್ಯ ಸಂಗತಿ. ಸೂಕ್ಷ್ಮದರ್ಶಕದ ಕೆಳಗೆ ಕರ್ರಾರಾದ ಅನೇಕ ಕಲ್ಲುಗಳಲ್ಲಿ ಹರಳುಗಳ ಅಂಚು ನೇರವಾಗಿ, ನಯವಾಗಿ ಕಾಣುತ್ತದೆ. ಒಂದಕ್ಕೊಂದು ತಾಗಿ ನಿಂತಿವೆ, ಕೊಂಡಿ ಹಾಕಿಕೊಂಡಿಲ್ಲ. ಬೇರೆ ಕೆಲವು ಕಲ್ಲುಗಳಲ್ಲಿ ಅಂಚುಗಳು ಅಂಕುಡೊಂಕಾಗಿದ್ದು, ಹರಳು ಹರಳನ್ನು ಕಚ್ಚಿ ಹಿಡಿದಿರುತ್ತದೆ. ಮೊದಲ ಬಗೆಯದು ಬೇಗ ಸಡಿಲವಾಗುತ್ತದೆ. ಶಿಲ್ಪಿಗೆ ಹಿತವೆನಿಸುವ ಕಲ್ಲು, ಮೃದುವಾಗಿ ಒಪ್ಪಿಕೊಂಡು ಕಳಚುವ ಕಲ್ಲು, ಗೋಡೆಗೆ ಹಿತವಲ್ಲದಿರಲು ಅದೇ ಗುಣ ಒಂದು ಕಾರಣ. ಕರ್ರಾರಾದ ಗಣಿಗಳೊಳಗೂ ಒಂದು ಗಣಿಯ ಕಲ್ಲಿಗೂ ಇನ್ನೊಂದಕ್ಕೂ ಈ ವಿಷಯದಲ್ಲಿ ಅಂತರವಿದೆ.

ಇದೆಲ್ಲ 1990ರ ದಶಕಕ್ಕೆ ಹೊಸ ಸುದ್ದಿಯಾಗಿರಲಿಲ್ಲ. ಹಳೆಯ ಸ್ಮಶಾನಗಳಲ್ಲಿ ಅಮೃತಶಿಲೆಯ ತೆಳು ಸಮಾಧಿಫಲಕಗಳು ಬಾಗಿದ್ದನ್ನು 19ನೆಯ ಶತಮಾನದ ಭೂವಿಜ್ಞಾನಿಗಳೇ ಗಮನಿಸಿದ್ದರು. ಅಮೆರಿಕದ ಮಾನಕ ಸಂಸ್ಥೆ 1919ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಮತ್ತೆ ಮತ್ತೆ ಕಾಯಿಸಿದ ಅಮೃತಶಿಲೆ ಶಾಶ್ವತವಾಗಿ ಬೆಳೆಯುತ್ತದೆಂಬುದು ದಾಖಲಾಗಿತ್ತು. ಅದಕ್ಕಿಂತ ಹತ್ತಿರದ ಎಚ್ಚರಿಕೆ ಷಿಕಾಗೊದಿಂದ ಬಂದಿತ್ತು. 1970ರ ದಶಕದಲ್ಲಿ ಅಲ್ಲಿ ಎದ್ದು ನಿಂತ ಸ್ಟ್ಯಾಂಡರ್ಡ್ ಆಯಿಲ್ ಗೋಪುರಕ್ಕೆ ಸುಮಾರು 43,000 ಕರ್ರಾರಾ ಫಲಕಗಳನ್ನು ತೊಡಿಸಿದ್ದರು. ಅವು ಬಾಗಿ, ಬಿರಿದು, 1990ರಿಂದ 1992ರ ನಡುವೆ ಅಷ್ಟನ್ನೂ ತೆಗೆದು ಬಿಳಿ ಗ್ರಾನೈಟ್ ಹಾಕಬೇಕಾಯಿತು. ಹೆಲ್ಸಿಂಕಿಯವರು ತಮ್ಮ ನಿರ್ಧಾರಕ್ಕೆ ಕೂತಾಗ ಆ ಕೆಲಸ ಮುಗಿದು ಕೆಲವೇ ವರ್ಷಗಳಾಗಿದ್ದವು.

1990ರ ದಶಕದ ನಿರ್ಧಾರ

ಫಲಕಗಳನ್ನು ಬದಲಾಯಿಸಲೇಬೇಕೆಂದು ಎಲ್ಲರೂ ಒಪ್ಪಿದ ಮೇಲೆ ಗ್ರಾನೈಟಿನ ಮಾತು ಸಹಜವಾಗಿಯೇ ಬಂತು. ಅದು ಬಾಗುವುದಿಲ್ಲ, ಫಿನ್ಲೆಂಡಿಗೆ ಅದರ ಕೆಲಸ ಚೆನ್ನಾಗಿ ಗೊತ್ತು. ತೆರಿಗೆ ಕಟ್ಟುವ ನಾಗರಿಕನ ಕಡೆಯಿಂದ ನೋಡಿದರೆ ಇದಕ್ಕಿಂತ ಸರಳ ಉತ್ತರವಿಲ್ಲ. ಆದರೆ ಸಂರಕ್ಷಣಾ ಅಧಿಕಾರಿಗಳೂ ಆಲ್ಟೊ ಪರಂಪರೆಯ ವಾಸ್ತುಶಿಲ್ಪಿಗಳೂ ಬಿಳಿ ಅಮೃತಶಿಲೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಎದುರು ಬದಿಯ ಗ್ರಾನೈಟ್ ಕಟ್ಟಡಗಳಿಗೆ ಉತ್ತರವಾಗಿ ನಿಂತ ಭವನಕ್ಕೆ ಗ್ರಾನೈಟನ್ನೇ ತೊಡಿಸಿದರೆ ಆ ಉತ್ತರ ಅಳಿಸಿಹೋಗುತ್ತದೆ ಎಂಬುದು ಅವರ ವಾದದ ಒಳತಿರುಳು. ಅಮೃತಶಿಲೆ ಬೆಳಕನ್ನು ಮೇಲ್ಮೈಯಿಂದ ಸ್ವಲ್ಪ ಒಳಗೆ ಬಿಟ್ಟುಕೊಂಡು ಹಿಂದಿರುಗಿಸುತ್ತದೆ. ಬಿಳಿ ಗ್ರಾನೈಟಿನ ಬಿಳುಪು ಕರಿಬೂದು ಚುಕ್ಕೆಗಳಿಂದ ಕೂಡಿದ್ದು, ಮೋಡದ ದಿನಗಳಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ಚಳಿಗಾಲದಲ್ಲಿ ಹಗಲೇ ಅಪರೂಪವಾದ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ನನ್ನ ಮಟ್ಟಿಗೆ ಈ ವಾದ ಸರಿಯಾದುದು.

ಅವರು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಬಿಳಿ ಅಮೃತಶಿಲೆ ಬೇಕು ಎಂಬುದರಿಂದ ಕರ್ರಾರಾದ ಅಮೃತಶಿಲೆಯೇ ಬೇಕು ಎಂಬಲ್ಲಿಗೆ ನೇರವಾಗಿ ಜಾರಿದರು. ಕರ್ರಾರಾ ಎಂಬ ಹೆಸರಿನಲ್ಲಿ ಮೈಕೆಲೆಂಜಲೊನ ನೆನಪಿದೆ, ಆಲ್ಟೊ ಕಂಡ ಇಟಲಿಯಿದೆ, ಮೂಲ ನಕ್ಷೆಯ ಅಕ್ಷರಶಃ ಪಾಲನೆಯಿದೆ. ಕಲ್ಲಿನೊಳಗಿನ ಹರಳು ಹೇಗೆ ಕೂತಿದೆ ಎಂಬ ಮಾಹಿತಿ ಮಾತ್ರ ಆ ಹೆಸರಿನಲ್ಲಿಲ್ಲ. ಮೂಲ ಕಲ್ಲು ಹೇಗೂ ಗೋಡೆಯಿಂದ ಇಳಿಯುತ್ತಿತ್ತು. ಹೊಸದಾಗಿ ಗಣಿಯಿಂದ ಬರುವ ಕಲ್ಲಿಗೆ ಮೂಲದ ಕಲ್ಲಿನೊಂದಿಗೆ ಊರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. 1994ರಲ್ಲಿ ಜಪಾನಿನ ನಾರಾದಲ್ಲಿ ಒಪ್ಪಿಕೊಂಡ ಪರಂಪರೆಯ ಅಧಿಕೃತತೆಯ ಘೋಷಣೆ, ಮೂಲ ವಸ್ತುವಿನ ಜೊತೆಗೆ ವಿನ್ಯಾಸ, ಬಳಕೆ, ಕಸುಬಿನ ತಂತ್ರ, ಪರಿಸರ, ಭಾವ ಇವನ್ನೂ ತೂಗಬೇಕೆಂದು ಆಗಷ್ಟೇ ಹೇಳಿತ್ತು. ಆ ತಕ್ಕಡಿಯಲ್ಲಿ ಇಟ್ಟು ನೋಡಿದ್ದರೆ ನೆಟ್ಟಗಿನ, ನಯವಾದ ಬಿಳಿ ಗೋಡೆಗೆ ಗಣಿಯ ವಿಳಾಸಕ್ಕಿಂತ ಹೆಚ್ಚು ತೂಕ ಬರುತ್ತಿತ್ತು. ಬಾಗಿ ಬುಟ್ಟಿ ಹೆಣೆದಂತೆ ನೆರಳು ಹಿಡಿಯುವ ಗೋಡೆಯನ್ನು ಆಲ್ಟೊ ಬರೆದಿರಲಿಲ್ಲ.

ಈ ಘಟ್ಟದಲ್ಲಿ ಕೇಳಿ ತಿಳಿಯಲು ಆಲ್ಟೊ ಇರಲಿಲ್ಲ. ಅವರ ನಂತರ ಕಚೇರಿಯನ್ನು ನಡೆಸಿದ ಎರಡನೆಯ ಪತ್ನಿ, ವಾಸ್ತುಶಿಲ್ಪಿ ಎಲಿಸ್ಸಾ ಆಲ್ಟೊ ಕೂಡ 1994ರಲ್ಲಿ ತೀರಿಕೊಂಡಿದ್ದರು. ಕರ್ತೃ ಇಲ್ಲದಾಗ ಉಳಿದವರು ಅವನ ಬರಹಕ್ಕೆ ಇನ್ನಷ್ಟು ಬಿಗಿಯಾಗಿ ಅಂಟಿಕೊಳ್ಳುವುದು ಸಹಜ.

ಎರಡನೆಯ ಸೋಲಿನಿಂದ ಬಂದ ಪರೀಕ್ಷೆ

ಹೊಸ ಫಲಕಗಳೂ ಬಾಗತೊಡಗಿದಾಗ ಒಂದು ಲಾಭವಾಯಿತು. ಯುರೋಪಿನಲ್ಲೆಲ್ಲ ಇಂಥ ಗೋಡೆಗಳು ಸೊಟ್ಟಗಾಗುತ್ತಿದ್ದುದರಿಂದ, 2000ದಿಂದ 2005ರವರೆಗೆ ಯುರೋಪಿಯನ್ ಒಕ್ಕೂಟದ ನೆರವಿನಲ್ಲಿ ಸಂಶೋಧಕರು, ಕಲ್ಲುಗಣಿಯವರು, ಕಟ್ಟಡಗಳ ಒಡೆಯರು ಸೇರಿ ಅಮೃತಶಿಲೆ ಮತ್ತು ಸುಣ್ಣಕಲ್ಲಿನ ಹೊದಿಕೆಗಳನ್ನು ಅಧ್ಯಯನ ಮಾಡಿದರು. ಅಲ್ಲಿ ರೂಪುಗೊಂಡ ಪರೀಕ್ಷೆ ಬಹಳ ಸರಳ. 40 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ದಪ್ಪದ ಕಲ್ಲಿನ ಪಟ್ಟಿಯನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಮೇಲಿನ ಮುಖವನ್ನು 80 ಡಿಗ್ರಿಯವರೆಗೆ ಕಾಯಿಸಿ, ಆರಲು ಬಿಟ್ಟು, ಮತ್ತೆ ಕಾಯಿಸಿ, ಪ್ರತಿ ಸುತ್ತಿನ ನಂತರ ಎಷ್ಟು ಬಾಗಿತೆಂದು ಅಳೆಯುವುದು. ಕೆಳಗೆ ತೇವ, ಮೇಲೆ ಬಿಸಿ. ಗೋಡೆಯ ಮೇಲೆ ವರ್ಷಗಟ್ಟಲೆ ನಡೆಯುವುದು ಇಲ್ಲಿ ವಾರಗಳಲ್ಲಿ ನಡೆದುಹೋಗುತ್ತದೆ. ಕೆಲವು ಕಲ್ಲು ಮೊದಲ ಸುತ್ತುಗಳಲ್ಲಿ ಸ್ವಲ್ಪ ಬಾಗಿ ನಿಂತುಬಿಡುತ್ತವೆ; ಕೆಲವು ನಿಲ್ಲದೆ ಬಾಗುತ್ತಲೇ ಹೋಗುತ್ತವೆ. ಈ ಎರಡನೆಯವನ್ನು ಹೊರಗೋಡೆಗೆ ಬಳಸಬಾರದು. ಬಿಸಿ ಮತ್ತು ತೇವದ ಸುತ್ತುಗಳನ್ನು ಅಮೃತಶಿಲೆ ತಾಳುವ ಶಕ್ತಿಯನ್ನು ಅಳೆಯಲು ಈಗ ಯುರೋಪಿನಲ್ಲಿ ಮಾನಕವೇ ಇದೆ.

ಮೂರಾತ್‌ಸಾಲೊದ ಅಂಗಳದಲ್ಲಿ ಆಲ್ಟೊ ಇಟ್ಟಿಗೆಗೆ ಮಾಡಿದ್ದನ್ನೇ ಈ ಪರೀಕ್ಷೆ ಕಲ್ಲಿಗೆ ಮಾಡಿತು ಎಂದು ನನಗೆ ಅನ್ನಿಸುತ್ತದೆ. ಆಲ್ಟೊ ಪರಂಪರೆಯನ್ನು ಕಾಯುವುದೆಂದರೆ ಆಲ್ಟೊ ಆರಿಸಿದ ವಸ್ತುವನ್ನು ಕಾಯುವುದೆಂದು ತಿಳಿದವರಿಗಿಂತ, ಒದ್ದೆ ಬಟ್ಟೆಯ ಮೇಲೆ ಕಲ್ಲನ್ನು ಕಾಯಿಸಿದವರು ಆ ಕಸುಬಿಗೆ ಹತ್ತಿರವಾಗಿದ್ದರು.

ಮೂರನೆಯ ಹೊದಿಕೆ

2022ರಲ್ಲಿ ಭವನವನ್ನು ಮುಚ್ಚಿದಾಗ ಹೊದಿಕೆಯ ಜೊತೆಗೆ ಒಳಗಿನ ಯಂತ್ರ ವ್ಯವಸ್ಥೆ, ಸಭಾಂಗಣ, ಪೀಠೋಪಕರಣ ಎಲ್ಲವೂ ದುರಸ್ತಿಗೆ ಬಂದವು. ಆ ಅವಧಿಯ ಸಭೆ ಸಮಾರಂಭಗಳಿಗೆಂದು ಪಕ್ಕದಲ್ಲಿ ಪಿಕ್ಕು-ಫಿನ್‌ಲಾಂಡಿಯಾ ಎಂಬ ತಾತ್ಕಾಲಿಕ ಮರದ ಕಟ್ಟಡವನ್ನು ಕಟ್ಟಿದರು. ಕೊಂಬೆಗಳ ಬುಡ ಉಳಿಸಿಕೊಂಡ ಇಡಿ ಇಡೀ ಪೈನ್ ಕಾಂಡಗಳೇ ಅದರ ಕಂಬಗಳು. ವಿದ್ಯಾರ್ಥಿಯೊಬ್ಬರ ಕಲ್ಪನೆಯಿಂದ ಹುಟ್ಟಿದ ಆ ಕಟ್ಟಡ, ಪಕ್ಕದ ಅಮೃತಶಿಲೆಗಿಂತ ಫಿನ್ಲೆಂಡಿನ ಕಸುಬಿಗೆ ಹೆಚ್ಚು ಹತ್ತಿರ ಎನ್ನುವವರಿದ್ದರೆ ನಾನು ವಾದಿಸುವುದಿಲ್ಲ.

ಹೊದಿಕೆಗೆ ಆರಿಸಿದ ಲಾಸಾ ಕಲ್ಲು ಬರುವುದು ಉತ್ತರ ಇಟಲಿಯ ದಕ್ಷಿಣ ಟಿರೋಲ್ ಪ್ರಾಂತ್ಯದ ವಿನ್ಷ್‌ಗೌ ಕಣಿವೆಯಿಂದ. ಅದರ ಹರಳುಗಳು ಕಚ್ಚಿ ಹಿಡಿದ ಬಗೆಯವು. ಹಿಮ, ಚಳಿ ತಾಳುತ್ತದೆಂಬ ಹೆಸರು ಅದಕ್ಕೆ ಹಿಂದಿನಿಂದಲೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಸಮಾಧಿಗಳ ಬಿಳಿ ಶಿಲುಬೆಗಳಿಗೆ ಈ ಕಲ್ಲನ್ನು ಬಳಸಿದ್ದರು. ಫಿನ್‌ಲಾಂಡಿಯಾಕ್ಕೆ ಬಳಸಿದ ಬಗೆಯಲ್ಲಿ ಮೋಡ ಹರಡಿದಂಥ ತಿಳಿಬೂದು ಛಾಯೆಯಿದೆ. ಕರ್ರಾರಾದ ಬಿಳುಪಿಗೂ ಇದಕ್ಕೂ ಪಕ್ಕಪಕ್ಕ ಇಟ್ಟರೆ ಅಂತರ ಕಂಡೀತು. ರಸ್ತೆಯ ಆಚೆಬದಿಯಿಂದ ನೋಡುವವನಿಗೆ ಕಾಣುವುದು ಬಿಳಿ ಅಮೃತಶಿಲೆಯ ಗೋಡೆಯೇ.

ಇಂಥ ಕಟ್ಟಡವನ್ನು ನೋಡಿಕೊಳ್ಳುವವರಿಗೆ ಈ ಪ್ರಕರಣದಿಂದ ಎರಡು ಪ್ರಾಯೋಗಿಕ ಸಂಗತಿಗಳು ಸಿಗುತ್ತವೆ. ಮೊದಲನೆಯದಾಗಿ, ಟೆಂಡರಿನಲ್ಲಿ ಕಲ್ಲಿನ ಹೆಸರನ್ನೂ ಬಣ್ಣವನ್ನೂ ಬರೆದು ಬಿಟ್ಟರೆ ಸಾಲದು. ಬಾಗುವಿಕೆಯ ಪರೀಕ್ಷೆಯ ಫಲಿತಾಂಶವನ್ನು ಕೇಳಬೇಕು, ಅದನ್ನೂ ಗಣಿಯ ಮಾದರಿ ತುಂಡಿಗೆ ಸೀಮಿತಗೊಳಿಸದೆ, ಬರುವ ಸರಕಿನಿಂದಲೇ ಆಗಾಗ ತೆಗೆದು ಮಾಡಿಸಬೇಕು, ಏಕೆಂದರೆ ಒಂದೇ ಬೆಟ್ಟದ ಪದರಗಳೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಎರಡನೆಯದು ಅಳತೆಯ ವಿಷಯ. ಹೊದಿಕೆ ಮುಗಿದ ದಿನವೇ ಆಯ್ದ ಫಲಕಗಳ ಮೇಲೆ ನೇರಪಟ್ಟಿ ಇಟ್ಟು ಅಳೆದು ದಾಖಲಿಸಿದರೆ, ಬಾಗು ಕಣ್ಣಿಗೆ ಕಾಣುವ ಬಹಳ ಮುಂಚೆಯೇ ಅದರ ವೇಗ ತಿಳಿಯುತ್ತದೆ. ಬಿಸಿಲು ಬೀಳುವ ಗೋಡೆಯನ್ನೂ ನೆರಳಿನ ಗೋಡೆಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು. 1999ರ ಹೊದಿಕೆ ತನ್ನ ಬುದ್ಧಿಯನ್ನು ಕೆಲವೇ ಚಳಿಗಾಲಗಳಲ್ಲಿ ತೋರಿಸಿಬಿಟ್ಟಿತ್ತು. ಲಾಸಾದ ಫಲಕಗಳಿಗೆ ಅಷ್ಟು ಚಳಿಗಾಲಗಳು ಇನ್ನೂ ಕಳೆದಿಲ್ಲ.